ಇಂಜೆಕ್ಷನ್ ಕಿತ್ತು ಕಾರ್ಬೊರೇಟರ್ ಹಾಕಿಸೋ ಮುಂಚೆ

ದಾವಣಗೆರೆ, ಚಿತ್ರದುರ್ಗ ಕಡೆ ಹಳೇ ಪೆಟ್ರೋಲ್ ಎಂಪಿಎಫ್‌ಐ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲನ್ನ ಇಂಜೆಕ್ಟರ್‌ಗಳು ಸಿಂಪಡಿಸೋ ವ್ಯವಸ್ಥೆ) ಗೂಡ್ಸ್ ಗಾಡಿ ಇರೋರು ಗಮನಿಸಿ. ಪಿಕಪ್ ಇಲ್ಲ ಅಂತ ಅದನ್ನ ಕಿತ್ತು ಕಾರ್ಬೊರೇಟರ್‌ಗೆ (ಕಂಪ್ಯೂಟರ್ ಇಲ್ಲದೆ ಗಾಳಿ-ಪೆಟ್ರೋಲ್ ಬೆರೆಸೋ ಹಳೇ ಭಾಗ) ಹೋಗಬೇಡಿ. ಮೊದಲು ಗೇಜ್ ಹಾಕಿ ಪೆಟ್ರೋಲ್ ಪ್ರೆಶರ್ ನೋಡಿ; ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರಬೇಕು. ಕಡಿಮೆ ಬಂದರೆ ಫಿಲ್ಟರ್, ಪಂಪ್ ನೋಡಿಸಿ. ಸರಿ ಇದ್ದರೆ ಇಂಜಿನ್ ಅರ್ತ್ ವೈರಿನ ಕಿಲುಬು ಉಜ್ಜಿ, ಕೂಲಂಟ್ ಸೆನ್ಸರ್ (ಇಂಜಿನ್ ಎಷ್ಟು ಬಿಸಿ ಅಂತ ಕಂಪ್ಯೂಟರ್‌ಗೆ ತಿಳಿಸೋದು) ಚೆಕ್ ಮಾಡಿಸಿ. ಇಂಜಿನ್ ಬಿಸಿಯಾದರೂ ಸೆನ್ಸರ್ ತಣ್ಣಗಿದೆ ಅಂತ ತೋರಿಸಿದರೆ ಪೆಟ್ರೋಲ್ ಜಾಸ್ತಿ ಹೋಗಿ ಕಪ್ಪು ಹೊಗೆ ಬರುತ್ತೆ, ಪ್ಲಗ್‌ಗೆ ಮಸಿ ಹಿಡಿಯುತ್ತೆ.

ಕಾರ್ಬೊರೇಟರ್‌ಗೆ 0.2–0.3 ಬಾರ್ ಸಾಕು. ಇಂಜೆಕ್ಷನ್‌ನ ಹಳೇ ಪಂಪನ್ನೇ ಬಿಟ್ಟರೆ ಆ ಪ್ರೆಶರನ್ನ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ನಿಲ್ಲಿಸೋ ನೀಡಲ್ ವಾಲ್ವ್ ತಡೆಯಲ್ಲ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಉಕ್ಕುತ್ತೆ, ಬೆಂಕಿ ಹತ್ತಬಹುದು. ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗೋ ಕೊಳವೆ) ಬೇರೆ ಬೇಕು, ಸ್ಪಾರ್ಕ್ ಇಸಿಎಂ (ಇಂಜಿನ್ ಕಂಪ್ಯೂಟರ್) ಕೊಡ್ತಿದ್ದರೆ ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರೂ ಬೇಕು. ಆರ್‌ಟಿಒ ಅನುಮತಿ ಇಲ್ಲದಿದ್ದರೆ ಎಫ್‌ಸಿಗೂ (ಫಿಟ್ನೆಸ್ ಸರ್ಟಿಫಿಕೇಟ್) ತೊಂದರೆ.