ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಹೊಟ್ಟೆಯ ಲೆಕ್ಕ ಇಡುವುದು ಹೇಗೆ?

"ದಿನಕ್ಕೆ ಎಷ್ಟು ಸಲ ಹೋಗ್ತಿದೀರಾ?" ಎಂದು ಡಾಕ್ಟರ್ ಕೇಳಿದರು. ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ. "ಭೇದಿ ಜಾಸ್ತಿನೇ ಆಗ್ತಿದೆ ಡಾಕ್ಟ್ರೇ" ಎಂದೆವು. ಜಾಸ್ತಿ ಅಂದರೆ ನಾಲ್ಕೋ, ಎಂಟೋ? ಇಬ್ಬರಿಗೂ ಹೇಳಲು ಬರಲಿಲ್ಲ. ಕೀಮೋ ಪಡೆಯುವವರಿಗೆ ನಾಲ್ಕಕ್ಕೆ ಒಂದು ಚಿಕಿತ್ಸೆ, ಎಂಟಕ್ಕೆ ಬೇರೆಯೇ ಚಿಕಿತ್ಸೆ ಎಂದು ಗೊತ್ತಾದದ್ದು ಅವತ್ತು. ಮನೆಗೆ ಬರುವಾಗ ಒಂದು ನೋಟ್‌ಬುಕ್ ಕೊಂಡೆ. ಅದರಲ್ಲಿ ಏನೇನು ಬರೆಯಬೇಕು, ಯಾಕೆ ಬರೆಯಬೇಕು ಅನ್ನುವುದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕ್ಯಾನ್ಸರ್ ಇನ್ನೆಲ್ಲೋ ಇದ್ದರೂ ಹೊಟ್ಟೆ ಯಾಕೆ ಕೆಡುತ್ತದೆ? ಬೇಗ ಬೇಗ ಹುಟ್ಟುವ ಕೋಶಗಳಿಗೆ ಕೀಮೋ ಔಷಧಿಗಳ ಪೆಟ್ಟು ಜಾಸ್ತಿ. ಕ್ಯಾನ್ಸರ್ ಕೋಶ ಅಂಥದ್ದು. ಆದರೆ ನಮ್ಮ ಸಣ್ಣ ಕರುಳಿನ ಒಳಪದರವೂ ಅಂಥದ್ದೇ. ಅದು 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತಾ ಇರುತ್ತದೆ. ಹಳೆಯ ಕೋಶಗಳು ಉದುರಿ, ಹೊಸವು ಬರುವುದು ನಿಂತರೆ ಕರುಳಿನ ಒಳಗೋಡೆ ಹಸಿ ಗಾಯದಂತಾಗುತ್ತದೆ. ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಹೀಗಾಗಬಹುದು.

ಇದನ್ನೆಲ್ಲ ಹೇಳಿಕೊಂಡರೆ ಡಾಕ್ಟರ್ ಕೀಮೋ ನಿಲ್ಲಿಸಿಬಿಡುತ್ತಾರೆ ಅನ್ನುವ ಭಯ ಎಷ್ಟೋ ಜನರಿಗೆ ಇದೆ. ಸುಮ್ನೆ ಸಹಿಸಿಕೊಂಡಿರುತ್ತಾರೆ. ನಾನು ಕಂಡಂತೆ ಇದಕ್ಕಿಂತ ದೊಡ್ಡ ತಪ್ಪಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕೀಮೋ ಪಡೆಯುತ್ತಿದ್ದ 766 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ವಾಂತಿ, ಭೇದಿ, ಮಲಬದ್ಧತೆ, ಹಸಿವಿಲ್ಲದಿರುವುದು ಸೇರಿದಂತೆ 12 ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು. ಯಾವುದಾದರೂ ಜಾಸ್ತಿಯಾದರೆ ನರ್ಸ್‌ಗೆ ತಕ್ಷಣ ಸಂದೇಶ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಬರೆದು ತಿಳಿಸಿದವರಲ್ಲಿ ಅರ್ಧದಷ್ಟು ಜನ 31.2 ತಿಂಗಳಿಗಿಂತ ಹೆಚ್ಚು ಬದುಕಿದರೆ, ಎಂದಿನ ಆರೈಕೆಯವರಲ್ಲಿ ಅರ್ಧದಷ್ಟು ಜನ 26 ತಿಂಗಳಿಗಿಂತ ಹೆಚ್ಚು ಬದುಕಿದರು. ಯಾವ ಹೊಸ ಔಷಧಿಯೂ ಇರಲಿಲ್ಲ. ಬರೆದರು, ತಿಳಿಸಿದರು, ನರ್ಸ್ ಫೋನ್ ಮಾಡಿದರು, ಅಷ್ಟೇ.

ಮೊದಲ ಪುಟ, ಚಿಕಿತ್ಸೆಗೆ ಮುಂಚೆ

ಮೊದಲ ಪುಟವನ್ನು ಕೀಮೋ ಶುರುವಾಗುವ ಮುಂಚೆಯೇ ತುಂಬಿ. ಮಾಮೂಲಿ ದಿನದಲ್ಲಿ ಎಷ್ಟು ಸಲ ಮಲವಿಸರ್ಜನೆ ಆಗುತ್ತಿತ್ತು? ಈಗಿನ ತೂಕ ಎಷ್ಟು? ಶುಗರ್, ಬಿಪಿ, ನೋವಿನ ಮಾತ್ರೆ ಸೇರಿ ದಿನವೂ ಏನೇನು ನುಂಗುತ್ತಾರೆ? ಮುಂದಿನ ಲೆಕ್ಕವನ್ನೆಲ್ಲ ಈ ಪುಟದ ಜೊತೆ ಹೋಲಿಸಿಯೇ ನೋಡುವುದು.

ಅದೇ ಪುಟದಲ್ಲಿ ಕೀಮೋ ಔಷಧಿಗಳ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಕೀಮೋ ಅಂದರೆ ಒಂದೇ ಔಷಧಿ ಅಲ್ಲ. ಸಿಸ್‌ಪ್ಲಾಟಿನ್ ವಾಂತಿಗೆ ಹೆಸರುವಾಸಿ, ಇರಿನೊಟೆಕಾನ್ ಭೇದಿಗೆ. ವಿಂಕ್ರಿಸ್ಟಿನ್ ಕೊಟ್ಟರೆ ಮಲ ಕಟ್ಟಿಕೊಳ್ಳುತ್ತದೆ. ಇನ್ನೊಂದು, ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಅದನ್ನು ಪುಟದ ಮೇಲ್ಭಾಗದಲ್ಲೇ ದೊಡ್ಡದಾಗಿ ಬರೆಯಿರಿ.

ವಾಂತಿ: ಬರುವ ಮುಂಚೆಯೇ ತಡೆಯಿರಿ

ತಡೆಯುವ ಮಾತ್ರೆ ಕೊಡದೆ ಸಿಸ್‌ಪ್ಲಾಟಿನ್ ಕೊಟ್ಟರೆ 100ರಲ್ಲಿ 90ಕ್ಕೂ ಹೆಚ್ಚು ಜನ ವಾಂತಿ ಮಾಡಿಕೊಳ್ಳುತ್ತಾರೆ. ಕೀಮೋದಿಂದ ಕೆರಳಿದ ಕರುಳಿನ ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ. ಅದು ನರದ ಮೂಲಕ ಮಿದುಳಿನ ವಾಂತಿ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. 1991ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಂಡಾನ್ಸೆಟ್ರಾನ್ ಈ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತದೆ. ಅದಕ್ಕೇ ಇದನ್ನು ಕೀಮೋಗೆ ಮುಂಚೆಯೇ ಕೊಡುವುದು.

ಮನೆಯಲ್ಲಿ ಎಡವುವುದು ಎರಡನೇ ದಿನ. ಮೊದಲ ದಿನ ಚೆನ್ನಾಗಿದ್ದರು, ಇನ್ನು ಮಾತ್ರೆ ಯಾಕೆ ಎಂದು ನಿಲ್ಲಿಸಿಬಿಡುತ್ತೇವೆ. ಆದರೆ 24 ಗಂಟೆ ಕಳೆದ ಮೇಲೆ ಶುರುವಾಗಿ ಐದನೇ ದಿನದವರೆಗೂ ಕಾಡುವ ವಾಂತಿ ಬೇರೆಯೇ ಇದೆ. ಇದರಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಇನ್ನೊಂದು ರಾಸಾಯನಿಕದ ಕೈವಾಡ ಜಾಸ್ತಿ. 2003ರಲ್ಲಿ ಬಂದ ಅಪ್ರೆಪಿಟಂಟ್ ತಡೆಯುವುದು ಅದನ್ನು. ಚೀಟಿಯಲ್ಲಿ ಎಷ್ಟು ದಿನ ಅಂತ ಬರೆದಿದೆಯೋ ಅಷ್ಟು ದಿನವೂ ಮಾತ್ರೆ ಕೊಡಿ.

ಒಲಾಂಜಪಿನ್ ಬರೆದುಕೊಟ್ಟಿದ್ದರೆ ಗಾಬರಿಯಾಗಬೇಡಿ. ಅದು ಮಾನಸಿಕ ಕಾಯಿಲೆಯ ಮಾತ್ರೆ ನಿಜ. ಆದರೆ ಕೀಮೋ ವಾಕರಿಕೆಯನ್ನೂ ಚೆನ್ನಾಗಿ ತಗ್ಗಿಸುತ್ತದೆ ಎಂದು 2016ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ನಿದ್ದೆ ಮಂಪರು ಬರಬಹುದು, ಅದನ್ನೂ ಬರೆದಿಡಿ. ವಾಂತಿ ಮತ್ತು ವಾಕರಿಕೆಯನ್ನು ಬೇರೆ ಬೇರೆ ಬರೆಯಿರಿ. ವಾಂತಿ ನಿಂತರೂ ಹೊಟ್ಟೆ ತೊಳೆಸುವುದು ನಿಲ್ಲದೆ, ಊಟವೇ ಬಿಟ್ಟುಹೋಗುವವರು ಬಹಳ ಜನ. ಹರೆಯದವರು, ಹೆಂಗಸರು, ಬಸ್ಸಿನಲ್ಲಿ ಕೂತರೆ ವಾಂತಿಯಾಗುವವರು, ಬಸುರಿಯಲ್ಲಿ ತುಂಬಾ ವಾಂತಿ ಮಾಡಿಕೊಂಡವರು, ಇವರಿಗೆ ತೊಂದರೆ ಜಾಸ್ತಿ. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಬಾಯಿ

ಕೀಮೋ ಆಗಿ 5ರಿಂದ 10 ದಿನದ ನಡುವೆ ಬಾಯಿಹುಣ್ಣು ಏಳುತ್ತದೆ. ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಬೇಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಉರಿ ಹೆಚ್ಚುತ್ತದೆ. ಫ್ಲೋರೋಯುರಾಸಿಲ್ ಅನ್ನು ಒಂದೇ ಸಲಕ್ಕೆ ಚುಚ್ಚುಮದ್ದಾಗಿ ಕೊಡುವುದಾದರೆ, ಆಗ ಅರ್ಧ ಗಂಟೆ ಬಾಯಲ್ಲಿ ಐಸ್ ಚೂರು ಇಟ್ಟುಕೊಳ್ಳಬಹುದಾ ಎಂದು ನರ್ಸ್‌ನ್ನು ಕೇಳಿ. ತಂಪಿಗೆ ಬಾಯಿಯ ರಕ್ತನಾಳಗಳು ಕುಗ್ಗಿ, ಅಲ್ಲಿಗೆ ಔಷಧಿ ಹೋಗುವುದು ಕಡಿಮೆಯಾಗುತ್ತದೆ. ಆದರೆ ಆಕ್ಸಾಲಿಪ್ಲಾಟಿನ್ ಕೂಡ ನಡೆಯುತ್ತಿದ್ದರೆ ಐಸ್ ಮುಟ್ಟಬೇಡಿ. ಆ ಔಷಧಿಗೆ ತಂಪು ಆಗಿಬರುವುದಿಲ್ಲ, ಗಂಟಲು ಬಿಗಿದಂತಾಗುತ್ತದೆ.

ಭೇದಿ: ಎಣಿಸಲೇಬೇಕು

ನೋಟ್‌ಬುಕ್ ನಿಜವಾಗಿ ಕೈಹಿಡಿಯುವುದು ಇಲ್ಲಿ. ಮಾಮೂಲಿಗಿಂತ ಎಷ್ಟು ಸಲ ಜಾಸ್ತಿ ಅನ್ನುವುದರ ಮೇಲೆ ಡಾಕ್ಟರುಗಳು ಭೇದಿಯನ್ನು ಅಳೆಯುತ್ತಾರೆ. ನಾಲ್ಕಕ್ಕಿಂತ ಕಡಿಮೆಯಾದರೆ ಮೊದಲ ಹಂತ. 4ರಿಂದ 6 ಆದರೆ ಎರಡನೆಯದು. 7 ಅಥವಾ ಮೇಲಾದರೆ ಮೂರನೆಯದು, ಇದಕ್ಕೆ ಸಾಮಾನ್ಯವಾಗಿ ಆಸ್ಪತ್ರೆಯೇ ಗತಿ. ನಮ್ಮ ಮನೆಯ ಒಂದು ಪುಟ ಹೀಗಿತ್ತು:

ಮಂಗಳವಾರ, ಕೀಮೋ ಆಗಿ 6ನೇ ದಿನ. ಬೆಳಿಗ್ಗೆ 4:30, ನೀರಿನಂತೆ. 6:00, ನೀರಿನಂತೆ, ಹೊಟ್ಟೆ ನುಲಿತ. 7:15, ಸ್ವಲ್ಪ. ರಕ್ತ ಇಲ್ಲ. ಜ್ವರ 37.4. ಮೂತ್ರ ರಾತ್ರಿಯಿಂದ ಒಂದೇ ಸಲ, ಕಡು ಹಳದಿ.

ಫೋನಿನಲ್ಲಿ ಓದಿ ಹೇಳಿದಾಗ ನರ್ಸ್ ತಡೆದದ್ದು ಕೊನೆಯ ಸಾಲಿಗೆ. "ಮೂತ್ರ ಒಂದೇ ಸಲವಾ? ಹಾಗಾದ್ರೆ ಈಗಲೇ ಕರ್ಕೊಂಡು ಬನ್ನಿ" ಎಂದರು. ಮೂರು ಸಲ ಭೇದಿ ನನಗೆ ದೊಡ್ಡದಾಗಿ ಕಂಡಿರಲಿಲ್ಲ. ಅವರಿಗೆ ಮೈಯ ನೀರು ಒಣಗುತ್ತಿರುವುದು ಕಂಡಿತ್ತು. ಮೂತ್ರದ ಲೆಕ್ಕ ಬಿಡಬೇಡಿ.

ಇರಿನೊಟೆಕಾನ್ ಭೇದಿಯ ಹಿಂದಿನ ಸಂಶೋಧನೆ ಓದಿ ನನಗೆ ಅಚ್ಚರಿಯಾಯಿತು. ಲಿವರ್ ಈ ಔಷಧಿಯ ವಿಷಕಾರಿ ರೂಪಕ್ಕೆ ಸಕ್ಕರೆಯಂಥ ಒಂದು ತುಣುಕು ಅಂಟಿಸಿ, ಅದರ ಹಲ್ಲು ಕಿತ್ತು ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾ ಆ ತುಣುಕನ್ನು ಮತ್ತೆ ಕತ್ತರಿಸುತ್ತವೆ. ವಿಷಕ್ಕೆ ಜೀವ ಬರುತ್ತದೆ, ಕರುಳಿನ ಗೋಡೆ ಸುಡುತ್ತದೆ. ಹಾಗಾಗಿ ಇಲ್ಲಿ ಸಮಯ ಬರೆಯುವುದು ಮುಖ್ಯ. ಔಷಧಿ ಕೊಟ್ಟ 24 ಗಂಟೆಯೊಳಗೆ ಬೆವರು, ಜೊಲ್ಲು, ನುಲಿತದ ಜೊತೆ ಬರುವ ಭೇದಿ ನರದ್ದು, ಅದಕ್ಕೆ ಅಟ್ರೋಪಿನ್. ಆಮೇಲೆ ಬರುವುದು ಕರುಳಿನ ಗಾಯದ್ದು, ಅದಕ್ಕೆ ಲೋಪೆರಮೈಡ್.

ಲೋಪೆರಮೈಡ್ ಅನ್ನು ಯಾವಾಗ, ಎಷ್ಟು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಮೊದಲು 4 ಮಿಲಿಗ್ರಾಂ, ಆಮೇಲೆ ಪ್ರತಿ ನೀರು ಭೇದಿಗೂ 2 ಮಿಲಿಗ್ರಾಂ, ದಿನಕ್ಕೆ 16 ಮಿಲಿಗ್ರಾಂ ಮೀರದಂತೆ. ಇರಿನೊಟೆಕಾನ್‌ಗೆ ಕ್ರಮ ಬೇರೆ ಇರಬಹುದು. ಜ್ವರವಿದ್ದರೆ, ರಕ್ತ ಬಿದ್ದರೆ ನೀವಾಗಿ ಕೊಡಬೇಡಿ. ಒಂದು ದಿನದಲ್ಲಿ ಹಿಡಿತಕ್ಕೆ ಬರದಿದ್ದರೆ ಆಸ್ಪತ್ರೆಗೆ ಹೋಗಿ. ಜೊತೆಗೆ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಕ್ಯಾಪೆಸಿಟಬೈನ್ ಅಥವಾ ಫ್ಲೋರೋಯುರಾಸಿಲ್ ಶುರುವಾದ ಮೊದಲ ದಿನಗಳಲ್ಲೇ ಜೋರು ಭೇದಿ, ಬಾಯಿ ತುಂಬಾ ಹುಣ್ಣು ಬಂದರೆ ಕಾಯಬೇಡಿ. ಕೆಲವರ ಮೈಯಲ್ಲಿ ಈ ಔಷಧಿಯನ್ನು ಒಡೆಯುವ ಡಿಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಮಾಮೂಲಿ ಡೋಸ್ ಕೂಡ ಜೀವಕ್ಕೆ ಅಪಾಯ. ಚಿಕಿತ್ಸೆಗೆ ಮುಂಚೆಯೇ ಇದರ ಪರೀಕ್ಷೆ ಮಾಡಿಸಬೇಕೆಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ನಿಮ್ಮ ಡಾಕ್ಟರನ್ನೂ ಕೇಳಿ ನೋಡಿ.

ಇಮ್ಯೂನೊಥೆರಪಿಯ ಭೇದಿಯ ದಾರಿಯೇ ಬೇರೆ. ಇಪಿಲಿಮುಮ್ಯಾಬ್‌ನಂಥ ಔಷಧಿಗಳು ರೋಗನಿರೋಧಕ ಶಕ್ತಿಯ ಬ್ರೇಕ್ ತೆಗೆಯುತ್ತವೆ. ಬ್ರೇಕ್ ಇಲ್ಲದ ಆ ಶಕ್ತಿ ಕೆಲವೊಮ್ಮೆ ನಮ್ಮ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಇದಕ್ಕೆ ಬೇಕಾಗುವುದು ಸ್ಟೀರಾಯ್ಡ್, ಅದಕ್ಕೂ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್. ಭೇದಿ ನಿಲ್ಲಿಸುವ ಮಾತ್ರೆ ನುಂಗಿ ಕೂತರೆ ಒಳಗಿನ ಉರಿಯೂತ ಮರೆಯಲ್ಲೇ ಬೆಳೆಯುತ್ತದೆ. ಕೊನೆಯ ಡೋಸ್ ಆಗಿ ತಿಂಗಳುಗಳಾದ ಮೇಲೂ ಇದು ಬರಬಹುದು. ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ "ಇಮ್ಯೂನೊಥೆರಪಿ ಆಗಿತ್ತು" ಎಂದು ಮೊದಲೇ ಹೇಳಿ.

ಮಲ ಕಟ್ಟಿದಾಗ

ಮಾರ್ಫಿನ್ ಜಾತಿಯ ನೋವಿನ ಮಾತ್ರೆಗಳು ಕರುಳಿನ ಓಡಾಟವನ್ನೇ ನಿಧಾನ ಮಾಡುತ್ತವೆ. ಆ ಮಾತ್ರೆಯ ಮಂಪರು ಕೆಲವು ದಿನಕ್ಕೆ ಒಗ್ಗಿಹೋಗುತ್ತದೆ, ಮಲಬದ್ಧತೆ ಮಾತ್ರ ಒಗ್ಗುವುದಿಲ್ಲ. ಆದ್ದರಿಂದ ನೋವಿನ ಮಾತ್ರೆ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು. ಬರೆದುಕೊಟ್ಟಿಲ್ಲವಾ? ಕೇಳಿ. ನೀರು ಸರಿಯಾಗಿ ಕುಡಿಯಲಾಗದವರಿಗೆ ನಾರಿನ ಪುಡಿ ಕೊಟ್ಟರೆ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಳಿ ರಕ್ತಕಣ ಕಡಿಮೆ ಇರುವಾಗ ಎನಿಮಾ ಬೇಡವೇ ಬೇಡ, ಸಣ್ಣ ಗೀರಿನಿಂದಲೂ ಸೋಂಕು ರಕ್ತಕ್ಕೆ ಇಳಿಯಬಹುದು.

ನೋಟ್‌ಬುಕ್ ಮುಚ್ಚಿಟ್ಟು ಹೊರಡಬೇಕಾದದ್ದು

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅದರಲ್ಲೂ ಹೊಟ್ಟೆಯ ಬಲ ಕೆಳಭಾಗದಲ್ಲಿ ನೋವಿದ್ದರೆ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ. ಹೊಟ್ಟೆ ಉಬ್ಬಿ, ಅಲೆ ಅಲೆಯಾಗಿ ನೋವು ಬಂದು, ವಾಂತಿಯಾಗುತ್ತಾ, ಗಾಳಿಯೂ ಹೋಗದಿದ್ದರೆ. ಕೊನೆಯದು ಕರುಳು ಕಟ್ಟಿಕೊಂಡ ಲಕ್ಷಣ. ಅಂಡಾಶಯ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಹೆಚ್ಚು ಕಾಣುತ್ತದೆ. ಆಗ ಭೇದಿ ಮಾಡಿಸುವ ಮಾತ್ರೆ ಕೊಟ್ಟರೆ ಅಪಾಯ. ಇವಕ್ಕೆಲ್ಲ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಚಿಕಿತ್ಸೆ ಮುಗಿದ ಮೇಲೆ

ಕಿಬ್ಬೊಟ್ಟೆಗೆ ರೇಡಿಯೇಷನ್ ಪಡೆದವರಿಗೆ ವರ್ಷಗಳ ನಂತರವೂ ಭೇದಿ, ತಡೆಯಲಾಗದ ಅವಸರ, ರಕ್ತ ಕಾಣಿಸಬಹುದು. "ಕ್ಯಾನ್ಸರ್ ವಾಸಿಯಾಯ್ತಲ್ಲ, ಇಷ್ಟು ಇದ್ದದ್ದೇ" ಎಂದು ಒಗ್ಗಿಕೊಂಡು, ಶೌಚಾಲಯ ಹತ್ತಿರವಿಲ್ಲದ ಕಡೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಇದು ಇದ್ದದ್ದೇ ಅಲ್ಲ. ಪಿತ್ತರಸ ಸರಿಯಾಗಿ ಹೀರಿಕೊಳ್ಳದಿರುವುದು, ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗಿರುವುದು, ಹೀಗೆ ಒಂದೊಂದಕ್ಕೂ ಕಾರಣವಿದೆ, ಪರೀಕ್ಷೆಯಿದೆ, ಔಷಧಿಯಿದೆ. ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ 218 ಜನರಿದ್ದರು. ಕಾರಣವನ್ನು ಒಂದೊಂದಾಗಿ ಹುಡುಕುವ ಕ್ರಮ ಪಾಲಿಸಿದಾಗ, ಬರೀ ಮಾಹಿತಿ ಪುಸ್ತಕ ಪಡೆದವರಿಗಿಂತ ಇವರಿಗೆ ಹೆಚ್ಚು ಗುಣ ಕಂಡಿತು. ತರಬೇತಿ ಪಡೆದ ನರ್ಸ್ ನೋಡಿದರೂ ಫಲ ತಜ್ಞ ಡಾಕ್ಟರ್ ನೋಡಿದಷ್ಟೇ ಚೆನ್ನಾಗಿತ್ತು.

ಹಾಗಾಗಿ ಚಿಕಿತ್ಸೆ ಮುಗಿದ ಮೇಲೂ ಹಳೆಯ ನೋಟ್‌ಬುಕ್ ಎಸೆಯಬೇಡಿ. ರೇಡಿಯೇಷನ್ ಯಾವ ವರ್ಷ, ಯಾವ ಭಾಗಕ್ಕೆ, ಎಷ್ಟು ಸಲ ಎಂದು ಕೊನೆಯ ಪುಟದಲ್ಲಿ ಬರೆದು, ಡಿಸ್ಚಾರ್ಜ್ ಸಮರಿಯ ಜೊತೆ ಒಂದೇ ಫೈಲಿನಲ್ಲಿಡಿ. ಐದು ವರ್ಷ ಬಿಟ್ಟು ಹೊಟ್ಟೆಗಾಗಿ ಹೊಸ ಡಾಕ್ಟರ್ ಹತ್ತಿರ ಹೋದರೆ, ಅವರಿಗೆ ಮೊದಲು ಬೇಕಾಗುವುದು ಅದೇ.