ಬೆಟ್ಟ ಸುತ್ತುತ್ತಿದ್ದ ಸಮಾಜಶಾಸ್ತ್ರದ ಮೇಷ್ಟ್ರ ಬದುಕು ಬರೆದ ಬಗೆ: ನನ್ನ ಅನುಭವ

ತೀರಿಹೋದ ಪ್ರಾಧ್ಯಾಪಕರೊಬ್ಬರ ಜೀವನಚಿತ್ರ ಬರೆಯಲು ಕೂತರೆ ಮೊದಲು ಕೈಗೆ ಸಿಗುವುದು ಬಯೋಡೇಟಾ. ಅದನ್ನೇ ಹಿಡಿದು ಹೊರಟರೆ ಬರಹ ನೇಮಕ, ಬಡ್ತಿ, ನಿವೃತ್ತಿ ಎಂದು ಸೇವಾಪುಸ್ತಕದ ಹಾಗೆ ಸಾಗುತ್ತದೆ. ಚಾರಣ ಕೊನೆಯ ಪ್ಯಾರಾದಲ್ಲಿ ‘ಹವ್ಯಾಸ’ ಎನಿಸಿಕೊಂಡು ಮೂಲೆ ಸೇರುತ್ತದೆ. ಕ್ಷೇತ್ರಕಾರ್ಯ, ಅಂದರೆ ಜನರಿರುವಲ್ಲಿಗೇ ಹೋಗಿ ನೋಡಿ, ಕೇಳಿ ನಡೆಸುವ ಅಧ್ಯಯನ, ಮಾಡಿದವರಿಗೆ ಇದು ಒಪ್ಪುವ ಅಳತೆಯಲ್ಲ. ಅವರ ಎಷ್ಟೋ ಪ್ರಶ್ನೆಗಳು ಹುಟ್ಟಿದ್ದೇ ನಡೆದ ದಾರಿಯಲ್ಲಿ. ಹಾಗಾಗಿ ನಾನು ಮೊದಲು ಒಂದು ಕಾಲಾನುಕ್ರಮದ ಹಾಳೆ ಮಾಡುತ್ತೇನೆ. ಅದರಲ್ಲಿ ನಾಲ್ಕು ಕಾಲಂ: ತಿಂಗಳು ಮತ್ತು ಇಸವಿ, ವಿಭಾಗದ ಕೆಲಸ, ಹೊರಗಿನ ಓಡಾಟ, ಆಧಾರ. ನಾಲ್ಕನೆಯದು ಖಾಲಿಯಿದ್ದರೆ ಆ ಸಾಲು ಬರಹಕ್ಕೆ ಬರುವಂತಿಲ್ಲ.

ಎಡವುವುದು ಹೆಚ್ಚಾಗಿ ಇಸವಿಗಳಲ್ಲಿ. ಪುಸ್ತಕದ ಮೇಲಿನ ಇಸವಿಯನ್ನು ಕ್ಷೇತ್ರಕಾರ್ಯದ ಇಸವಿ ಎಂದುಕೊಂಡರೆ ಲೆಕ್ಕವೆಲ್ಲ ಜಾರುತ್ತದೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ರಾಂಪುರ ಎಂಬ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದ್ದು 1948ರಲ್ಲಿ, ಆ ಊರಿನ ಬಗೆಗಿನ ಅವರ ಪ್ರಸಿದ್ಧ ಪುಸ್ತಕ ಬಂದದ್ದು 1976ರಲ್ಲಿ. ನಡುವೆ, 1970ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದಾಗ ಬೆಂಕಿ ಬಿದ್ದು ಪರಿಷ್ಕರಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟವು. ಮೂರೂ ಒಂದೇ ಜಾಗದಲ್ಲಿದ್ದವು. ಅದಕ್ಕೇ ಓದಲು ಶುರುಮಾಡುವ ಮೊದಲೇ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇಡುತ್ತೇನೆ.

ಕಾಗದದ ಕಟ್ಟು ಬಿಚ್ಚುವಾಗ ಆತುರ ಬೇಡ. ಯಾವುದರ ಕೆಳಗೆ ಯಾವುದಿತ್ತು ಎಂಬುದೇ ಎಷ್ಟೋ ಸಲ ತಾರೀಕು ಹೇಳುತ್ತದೆ. ವಿಷಯವಾರು ವಿಂಗಡಿಸಲು ಹೋದರೆ ಆ ಸುಳಿವು ಹೋಯಿತು. ಮೊದಲು ಮೆತ್ತನೆ ಪೆನ್ಸಿಲ್‌ನಿಂದ ಮೂಲೆಯಲ್ಲಿ ಪುಟಸಂಖ್ಯೆ ಹಾಕಿ, ತುಕ್ಕು ಹಿಡಿದ ಗುಂಡುಪಿನ್ನು ಮತ್ತು ರಬ್ಬರ್ ಬ್ಯಾಂಡ್ ತೆಗೆಯುತ್ತೇನೆ. ಪೆನ್ಸಿಲ್ ಬರಹ ಮಸುಕಾಗಿದ್ದರೆ ಫ್ಲ್ಯಾಶ್ ಪ್ರಯೋಜನಕ್ಕೆ ಬಾರದು. ಟಾರ್ಚನ್ನು ಹಾಳೆಯ ಒಂದು ಪಕ್ಕಕ್ಕೆ ಹೆಚ್ಚುಕಡಿಮೆ ಮಲಗಿಸಿ ಹಿಡಿದರೆ ಮೊನೆ ಒತ್ತಿದ ಗೆರೆಗಳು ನೆರಳಾಗಿ ಎದ್ದು ಕಾಣುತ್ತವೆ.

ನಡಿಗೆಯ ಜೇಬುಪುಸ್ತಕದ ಭಾಷೆಯೇ ಬೇರೆ. ‘18, ಏರು 900, ಬೆ. 6 – ಮ. 2’ ಎಂದಷ್ಟೇ ಇರುತ್ತದೆ. ಹದಿನೆಂಟು ಏನು, ಮೈಲಿಯೋ ಕಿಲೋಮೀಟರೋ? ಇಲ್ಲಿ ಬೆಟ್ಟದ ನಡಿಗೆಗೆ ಹಿಡಿಯುವ ಹೊತ್ತನ್ನು ಅಂದಾಜಿಸುವ 1892ರ ನೈಸ್ಮಿತ್ ಸೂತ್ರ ಬಳಸುತ್ತೇನೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಏರು ಮೀಟರಿನಲ್ಲಿದೆ ಎಂದು ನಕ್ಷೆಯ ಸಮೋನ್ನತಿ ರೇಖೆಗಳಿಂದ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಮೊದಲೇ ಖಚಿತಪಡಿಸಿಕೊಂಡಿರಬೇಕು. ಕಿಲೋಮೀಟರಾದರೆ 3 ಗಂಟೆ 36 ನಿಮಿಷಕ್ಕೆ ಒಂದೂವರೆ ಗಂಟೆ ಸೇರಿ 5 ಗಂಟೆ 6 ನಿಮಿಷ. ಮೈಲಿಯಾದರೆ ದೂರ ಸುಮಾರು 29 ಕಿ.ಮೀ., ಹೊತ್ತು 7 ಗಂಟೆ 18 ನಿಮಿಷ. ಪುಸ್ತಕದಲ್ಲಿರುವುದು 8 ಗಂಟೆ, ಸೂತ್ರದಲ್ಲಿ ವಿಶ್ರಾಂತಿ ಸೇರಿಲ್ಲ. ಮೈಲಿಯ ಕಡೆಗೇ ವಾಲುತ್ತದೆ. ಆದರೆ ಮೂರು ಗಂಟೆ ಯಾರ ಜೊತೆಗೋ ಹರಟುತ್ತ ಕೂತಿರಲೂಬಹುದು, ಸಮಾಜಶಾಸ್ತ್ರದ ಮೇಷ್ಟ್ರು ತಾನೆ! ಅದಕ್ಕೇ 1:50,000 ನಕ್ಷೆಯ ಮೇಲೆ ದಾರ ಇಟ್ಟು ಅಳೆಯುತ್ತೇನೆ; 2 ಸೆಂ.ಮೀ. ಅಂದರೆ 1 ಕಿ.ಮೀ. ದಾರ ಸಣ್ಣ ತಿರುವುಗಳನ್ನು ನುಂಗುವುದರಿಂದ ಬಂದ ಅಳತೆ ಯಾವಾಗಲೂ ಕೊಂಚ ಕಮ್ಮಿಯೇ.

ಫೋಟೋಗಳ ತಾರೀಕನ್ನೂ ನಂಬಿ ಕೂರಬಾರದು. ಹಳೆಯ ಸ್ಲೈಡಿನ ಚೌಕಟ್ಟಿನ ಮೇಲೆ ಅಚ್ಚಾದ ತಿಂಗಳು ಫಿಲ್ಮ್ ತೊಳೆದದ್ದು, ತೆಗೆದದ್ದಲ್ಲ. ಡಿಜಿಟಲ್‌ನಲ್ಲಿ ಜನವರಿ 1 ಎಂದು ರಾಶಿ ಚಿತ್ರಗಳಿದ್ದರೆ ಕ್ಯಾಮೆರಾದ ಬ್ಯಾಟರಿ ಸತ್ತು ಗಡಿಯಾರ ಮೊದಲಿಗೆ ಹೋಗಿರುತ್ತದೆ.

ಮಾತಾಡಿಸಬೇಕಾದವರು ಮೂರು ಬಳಗ: ಮನೆಯವರು, ಶಿಷ್ಯರು ಮತ್ತು ಸಹೋದ್ಯೋಗಿಗಳು, ಜೊತೆಗೆ ನಡೆದವರು. ‘ಮೇಷ್ಟ್ರು ಹೇಗಿದ್ದರು?’ ಎಂದು ಕೇಳಿದರೆ ಹೊಗಳಿಕೆಯೇ ಬರುತ್ತದೆ. ‘ಮುಂದೆ ನಡೆಯುತ್ತಿದ್ದದ್ದು ಯಾರು? ದಾರಿಯಲ್ಲಿ ಸಿಕ್ಕವರನ್ನು ಮೊದಲು ಏನು ಕೇಳುತ್ತಿದ್ದರು? ಪುಸ್ತಕ ಯಾವ ಜೇಬಿನಲ್ಲಿರುತ್ತಿತ್ತು?’ ಎಂದರೆ ಮನುಷ್ಯ ಕಾಣಿಸಿಕೊಳ್ಳುತ್ತಾರೆ. ಒಂದೇ ಪ್ರಸಂಗವನ್ನು ಐದು ಶಿಷ್ಯರು ಹೇಳಿದರೆ ಐದು ಸಾಕ್ಷಿ ಎಂದು ಬೀಗಬೇಡಿ. ಐವರಿಗೂ ತರಗತಿಯಲ್ಲಿ ಮೇಷ್ಟ್ರೇ ಹೇಳಿದ್ದಾದರೆ ಸಾಕ್ಷಿ ಒಂದೇ.

ಬರೆಯಲು ತೊಡಗುವಾಗ ಹುಟ್ಟಿನಿಂದ ಹೊರಡುವುದಿಲ್ಲ. ಹಾಳೆಯಲ್ಲಿ ಎರಡನೆಯ, ಮೂರನೆಯ ಕಾಲಂ ಎರಡೂ ಕಿಕ್ಕಿರಿದಿರುವ ತಿಂಗಳು ಹುಡುಕಿ ಅಲ್ಲಿಂದ ಎತ್ತಿಕೊಳ್ಳುತ್ತೇನೆ.

ಕ್ಷೇತ್ರಟಿಪ್ಪಣಿಯಲ್ಲಿ ಸಿಗುವ ಜನರ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಅವರು ಮಾತಾಡಿದ್ದು ಮೇಷ್ಟ್ರನ್ನು ನಂಬಿ, ನನ್ನನ್ನಲ್ಲ. ಹೆಸರು ಬದಲಿಸಿದರೆ ಸಾಲದು. ಊರು, ಕಸುಬು, ಇಸವಿ ಮೂರೂ ಒಟ್ಟಿಗೆ ಅಚ್ಚಾದರೆ ಊರವರಿಗೆ ಆಸಾಮಿ ಯಾರೆಂದು ತಕ್ಷಣ ಗೊತ್ತಾಗುತ್ತದೆ. ಕನಿಷ್ಠ ಊರನ್ನಾದರೂ ಬಿಡುತ್ತೇನೆ. ಆಗಲೂ ಗುರುತು ಸಿಗುವಂತಿದ್ದರೆ ಆ ಸಾಲನ್ನೇ ಹೊಡೆದುಹಾಕುತ್ತೇನೆ, ಎಷ್ಟೇ ಚೆಂದವಿರಲಿ.