ಆರ್ಕೇಡ್ ಪ್ಯಾನೆಲ್‌ಗೆ ಗ್ರೌಂಡ್ ವೈರ್ ಹಾಕಿದ ನನ್ನ ಅನುಭವ

ಕಲಬುರಗ್ಯಾಗ ನಮ್ಮ ಮನಿ ಮ್ಯಾಲಿನ ಖೋಲಿಯೊಳಗ ಇಬ್ಬರು ಆಡೋವಂಥ ಆರ್ಕೇಡ್ ಪ್ಯಾನೆಲ್ (ವಿಡಿಯೊ ಗೇಮ್ ಆಡೋ ಬಟನ್ ಹಲಗಿ) ಮಾಡೀನಿ, ಪ್ಲೈವುಡ್‌ದ್ದು. ಒಬ್ಬೊಬ್ಬರಿಗೆ ಒಂದು ಜಾಯ್‌ಸ್ಟಿಕ್, ಆರು ಬಟನ್, ಸ್ಟಾರ್ಟ್, ಕಾಯಿನ್. ಜಾಯ್‌ಸ್ಟಿಕ್ ಕೆಳಗ ನಾಲ್ಕು ಮೈಕ್ರೋಸ್ವಿಚ್ ಇರ್ತಾವ, ಹಂಗಾಗಿ ಒಬ್ಬರಿಗೆ 12, ಇಬ್ಬರಿಗೆ 24 ಸ್ವಿಚ್. ಒಂದೊಂದಕ್ಕ ಎರಡು ವೈರ್ ಎಳದ್ರ 48 ಆಗ್ತಾವ. ಮೊದಲ ನಾನು ಹಂಗೇ ಚಾಲೂ ಮಾಡಿದ್ದೆ, ಒಂದು ಪ್ಲೇಯರ್‌ದು ಮುಗಿಯೋದ್ರಾಗ ಮುಚ್ಚಳಾನೇ ಕುಂದರಲಿಲ್ಲ.

ಆಮ್ಯಾಲ ಎಲ್ಲಾ ಬಿಚ್ಚಿ ಎಲ್ಲಾ ಸ್ವಿಚ್ಚಿಗೂ ಸೇರಿ ಒಂದೇ ಗ್ರೌಂಡ್ (ಕರೆಂಟ್ ವಾಪಸ್ ಹೋಗೋ ಮೈನಸ್ ಲೈನ್) ಮಾಡಿದೆ. ಯುಎಸ್‌ಬಿ ಎನ್‌ಕೋಡರ್ (ಬಟನ್ ಒತ್ತಿದ್ದನ್ನ ಕಂಪ್ಯೂಟರಿಗೆ ತಿಳಿಸೋ ಬೋರ್ಡ್) ತನ್ನ ಇನ್‌ಪುಟ್ ಪಿನ್‌ನ ವೋಲ್ಟೇಜ್ ಮ್ಯಾಲೇ ಹಿಡಿದಿಟ್ಟಿರ್ತದ, ಬಟನ್ ಒತ್ತಿದಾಗ ಅದು ಗ್ರೌಂಡಿಗೆ ಬೀಳ್ತದ, ಅದನ್ನ ನೋಡಿ ಒತ್ತ್ಯಾರ ಅಂತ ತಿಳೀತದ. ಹಂಗಂದ್ರ ಸಿಗ್ನಲ್ ವೈರ್ ಒಂದೊಂದಕ್ಕ ಬ್ಯಾರೆ ಬೇಕು, ಗ್ರೌಂಡ್ ಎಲ್ಲಾರಿಗೂ ಒಂದೇ ಸಾಕು. ನಿಮ್ಮ ಬೋರ್ಡಿಗೆ ಬಟನ್‌ಗೊಂದು ಎರಡು ಪಿನ್ನಿನ ಸಾಕೆಟ್ ಇದ್ರ ಮೊದಲ ಮಲ್ಟಿಮೀಟರ್ ಬೀಪ್ ಮೋಡಿಗೆ ಇಟ್ಟು ಹಚ್ಚಿ ನೋಡ್ರಿ, ಗ್ರೌಂಡ್ ಪಿನ್‌ಗಳೆಲ್ಲಾ ಒಳಗ ಕೂಡಿದ್ರ ಬೀಪ್ ಬರ್ತದ.

ವೈರಿಂಗ್ ಕೆಲಸ ಮಾಡೋ ನಮ್ಮ ಓಣಿ ಕಾಕಾ ನೋಡಿ, "ತಮ್ಮಾ, ಇದನ್ನ ಅರ್ಥಿಂಗಿಗೆ ಕೊಡಲೇನು?" ಅಂದ್ರು. ಬ್ಯಾಡ್ರಿ ಕಾಕಾ, ಇದು ಆ ಅರ್ಥಿಂಗ್ ಅಲ್ಲ ಅಂದೆ. ಬಟನ್ ಗ್ರೌಂಡ್ ಬೋರ್ಡಿನದು, 5 ವೋಲ್ಟಿನ ಯುಎಸ್‌ಬಿ ಲೈನಿಂದು. ಮನಿ ಅರ್ಥಿಂಗ್ 230 ವೋಲ್ಟಿನಿಂದ ಜೀವ ಉಳಿಸ್ಲಾಕ ಇರೋದು, ಅದು ಒಳಗಿನ ಪವರ್ ಸಪ್ಲೈ ಬಾಡಿಗಿ ಮತ್ತ ಕಬ್ಬಿಣದ ಭಾಗಕ್ಕ ಕಡ್ಡಾಯ ಇರಬೇಕು, ಅದನ್ನ ಕಾಕಾನ ಕಡಿಂದನೇ ಮಾಡಿಸಿದೆ.

ಗ್ರೌಂಡ್ ಚೈನ್ ಮಾಡೋದು ಹಿಂಗ. ಕಪ್ಪು 22 ಗೇಜ್ ಮಲ್ಟಿಸ್ಟ್ರ್ಯಾಂಡ್ ವೈರ್, ಒಂದು ಸ್ವಿಚ್‌ನ ಸಿಒಎಂ (ಕಾಮನ್) ಕಾಲಿಂದ ಮುಂದಿನ ಸ್ವಿಚ್‌ನ ಸಿಒಎಂಗೆ, ಸ್ವಲ್ಪ ಸಡಿಲ ಬಿಟ್ಟು. ಒಂದು ಲಗ್ಗಿನೊಳಗ (ಸ್ವಿಚ್ ಕಾಲಿಗೆ ಸಿಗಸೋ ಲೋಹದ ಕ್ಲಿಪ್ಪು) ಎರಡು ತುದಿ ಕೂಡಿಸಿ ತಿರುವಿ ಕ್ರಿಂಪ್ ಮಾಡಬೇಕು, ಅಂದ್ರ ಒತ್ತಿ ಬಿಗಿ ಮಾಡಬೇಕು. ಸಿಗ್ನಲ್ ಎನ್‌ಒ ಕಾಲಿಗೆ, ಒತ್ತಿದಾಗ ಮಾತ್ರ ಸಿಒಎಂಗೆ ಕೂಡೋದು. ಒತ್ತದಾಗ ಕೂಡಿರೋ ಎನ್‌ಸಿಗೆ ಹಾಕಿದ್ರ ಬಟನ್ ಬಿಟ್ಟಾಗ ಒತ್ತಿದಂಗ ತೋರಸ್ತದ, ನಂದೊಂದು ಸ್ಟಾರ್ಟ್ ಬಟನ್ ಹಂಗೇ ಆಗಿತ್ತು.

ನಾನು ಹೈರಾಣಾಗಿದ್ದು ಲಗ್ಗಿನಿಂದ. ನನ್ನ ಸ್ವಿಚ್‌ನ ಕಾಲು 4.8 ಮಿಮೀ, ನಾನು ತಂದಿದ್ದು 6.3 ಮಿಮೀ ಲಗ್, ಗಾಡಿ ವೈರಿಂಗಿಗೆ ಹಾಕ್ತಾರಲ್ಲ ಅದು. ಪಕ್ಕಡದಿಂದ ಒತ್ತಿ ಬಿಗಿ ಮಾಡಿ ಕೂಡ್ರಿಸಿದೆ. ಎಂಟು ದಿನ ಚಲೋ ನಡೀತು, ಒಂದಿನ ಅಣ್ಣನ ಮಗ "ಕಾಕಾ, ನನ್ನ ಮೂರು ಬಟನ್ ಹೊಡೀವಲ್ಲವು" ಅಂತ ಓಡಿ ಬಂದ. ಎರಡನೇ ಪ್ಲೇಯರ್‌ನ ಮೂರನೇ ಬಟನ್ನಿನ ಮುಂದಿನವೆಲ್ಲಾ ಸತ್ತಿದ್ದವು. ಚೈನ್ ನಡುವ ಒಂದು ಕಡೆ ಕಳಚಿದ್ರ ಮುಂದಿನವು ಎಲ್ಲಾ ಹೋಗ್ತಾವ, ಹಂಗಾಗಿ ಕೆಲಸ ಮಾಡೋ ಕಡೀ ಸ್ವಿಚ್ ಮತ್ತ ಸತ್ತ ಮೊದಲನೇದು, ಇವೆರಡರ ನಡುವ ನೋಡಿದ್ರ ಸಾಕು. ನೋಡಿದೆ, ಸಡಿಲ ಲಗ್ ಅಲುಗಾಡಿ ಅದರೊಳಗಿನ ಮುಂದಿನ ವೈರ್ ಕಳಚಿ ತೂಗ್ತಿತ್ತು.

24ಕ್ಕೂ 4.8ರ ಲಗ್ ಹಾಕಿದೆ. ಇನ್ನೊಂದು ಮಾಡಿದೆ, ಇದನ್ನ ನೀವೂ ಮಾಡ್ರಿ: ಚೈನಿನ ಕಡೀ ತುದಿ ಅಲ್ಲೇ ಬಿಡದ ವಾಪಸ್ ತಂದು ಬೋರ್ಡಿನ ಗ್ರೌಂಡ್ ಸ್ಕ್ರೂಗೆ ಕಟ್ಟಿದೆ, ಬಳಿ ಹಂಗ ಸುತ್ತು ಆಯ್ತು. ಈಗ ಒಂದು ಕಡೆ ವೈರ್ ಕಡದ್ರೂ ಇನ್ನೊಂದು ಕಡಿಂದ ಗ್ರೌಂಡ್ ಸಿಗ್ತದ. ಬಟನ್ ಒಳಗಿನ 12 ವೋಲ್ಟ್ ಎಲ್‌ಇಡಿ ಮೈನಸ್ ಮಾತ್ರ ಈ ಸುತ್ತಿಗೆ ಕೂಡಿಸಿಲ್ಲ, ಅದು ನೇರ ಅದರ ಸಪ್ಲೈಗೇ ಹೋಗ್ತದ.

ಮುಚ್ಚಳ ಹಾಕೋಕಿಂತ ಮೊದಲ ಯುಎಸ್‌ಬಿ ತಗದು, ಮೀಟರ್‌ನ ಒಂದು ಕಡ್ಡಿ ಗ್ರೌಂಡ್ ಸ್ಕ್ರೂ ಮ್ಯಾಲ ಇಟ್ಟು, ಇನ್ನೊಂದು ಒಂದೊಂದೇ ಸಿಒಎಂಗೆ ಮುಟ್ಟಿಸಿದೆ, ಮುಟ್ಟಿಸ್ತಾ ವೈರ್ ಮೆಲ್ಲಕ ಜಗ್ಗಿ ನೋಡಿದೆ. 24 ಸಲ ಬೀಪ್ ಬಂತು, ಆಮ್ಯಾಲೇ ಸ್ಕ್ರೂ ಬಿಗಿ ಮಾಡಿದೆ.